ಬಾವು ಇಳಿಯಿತು, ಮಂಡಿ ಸರಿಹೋಯಿತೇ?

ಚಳಿಗಾಲ ಬಂತೆಂದರೆ ಮುಂಬೈ, ಪುಣೆ ಕಡೆಯ ನಮ್ಮ ಸಂಘಗಳಲ್ಲಿ ವಾರ್ಷಿಕ ಕ್ರೀಡಾಕೂಟದ ಗಡಿಬಿಡಿ. ಶಾಲೆಯೊಂದರ ಮೈದಾನ ಗೊತ್ತುಮಾಡಬೇಕು, ಸುಣ್ಣದ ಗೆರೆ ಎಳೆಯಬೇಕು, ಮಧ್ಯಾಹ್ನದ ಊಟ ಯಾರ ಹೋಟೆಲಿನಿಂದ ಎಂದು ತೀರ್ಮಾನವಾಗಬೇಕು. ಮಕ್ಕಳ ಓಟ, ಮಹಿಳೆಯರ ಥ್ರೋಬಾಲ್, ಹಗ್ಗಜಗ್ಗಾಟ ಎಲ್ಲ ಮುಗಿದರೂ ಜನ ಕಾದು ನಿಲ್ಲುವುದು ಕಬಡ್ಡಿಗೆ. ಆ ಅಂಕಣದ ಸುತ್ತ ಒಮ್ಮೆ ಕಣ್ಣು ಹಾಯಿಸಿ ನೋಡಿ. ಆಡುವವರಲ್ಲಿ ಮೂರು ನಾಲ್ಕು ಜನರ ಮೊಣಕಾಲಿಗೆ ಕಪ್ಪು ನೀ-ಕ್ಯಾಪ್ ಇರುತ್ತದೆ. ಹೊರಗೆ ನಿಂತು ನೋಡುವವರಲ್ಲಿ ಒಂದು ಕಾಲದ ಒಳ್ಳೊಳ್ಳೆಯ ರೇಡರುಗಳು ಇರುತ್ತಾರೆ. "ಮಂಡಿ ಹೋಯ್ತು ಮಾರಾಯ, ಈಗ ಆಡ್ಲಿಕ್ಕೆ ಆಗುದಿಲ್ಲ" ಎನ್ನುತ್ತಾರೆ. ಯಾವಾಗ ಹೋಯಿತು ಎಂದರೆ ಐದು ವರ್ಷ, ಎಂಟು ವರ್ಷ ಹಿಂದಿನ ಪಂದ್ಯವೊಂದರ ನೆನಪು ಬರುತ್ತದೆ. ಏನಾಗಿತ್ತು ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ: "ಉಳುಕಿದ್ದು."

ಈ 'ಉಳುಕು' ಎಂಬ ಶಬ್ದದ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಎರಡು ದಿನದಲ್ಲಿ ಹೋಗುವ ಕಾಲುನೋವಿಗೂ ಅದೇ ಹೆಸರು, ಜೀವನಪೂರ್ತಿ ಕಾಡುವ ಒಳಗಿನ ಹರಿತಕ್ಕೂ ಅದೇ ಹೆಸರು.

ಠಾಣೆಯ ಹೋಟೆಲೊಂದರಲ್ಲಿ ಸೂಪರ್‌ವೈಸರ್ ಆಗಿರುವ ಬೆಳ್ತಂಗಡಿ ಕಡೆಯ ಹುಡುಗನೊಬ್ಬನ ಕತೆ ಕೇಳಿ. ವಯಸ್ಸು 27. ಹೆಸರು ಬರೆಯಬೇಡಿ ಎಂದಿದ್ದಾನೆ, ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ. ಎರಡು ವರ್ಷದ ಹಿಂದಿನ ಒಂದು ಪಂದ್ಯದಲ್ಲಿ ರೇಡಿಗೆ ಹೋದವನು ತಿರುಗಿ ಬರುವಾಗ ಕಾರ್ನರಿನವನು ಪಾದ ಹಿಡಿದ, ಅದೇ ಗಳಿಗೆಗೆ ಕವರಿನವನು ಪಕ್ಕದಿಂದ ಬಂದು ಗುದ್ದಿದ. ಮಂಡಿಯೊಳಗೆ 'ಟಪ್' ಎಂದದ್ದು ಅವನಿಗೇ ಕೇಳಿಸಿತು. ಅರ್ಧ ಗಂಟೆಯೊಳಗೆ ಮೊಣಕಾಲು ಊದಿ ದಪ್ಪಗಾಯಿತು. ಯಾರೋ ಐಸ್ ತಂದರು, ಯಾರೋ ಎಣ್ಣೆ ತಿಕ್ಕಿದರು. ಎಕ್ಸ್‌ರೇ ತೆಗೆಸಿದ್ದಾಯಿತು, ಮೂಳೆ ಮುರಿದಿಲ್ಲ ಎಂದು ಗೊತ್ತಾಗಿ ಎಲ್ಲರಿಗೂ ಸಮಾಧಾನ. ಮೂರು ವಾರದಲ್ಲಿ ಬಾವು ಇಳಿಯಿತು, ಅವನು ಮತ್ತೆ ಹತ್ತು ಗಂಟೆ ನಿಂತು ಮಾಡುವ ಕೆಲಸಕ್ಕೆ ಹೋದ.

ಗಾಯದ ಎರಡನೆಯ ಅಧ್ಯಾಯ ಶುರುವಾಗುವುದು ಇಲ್ಲಿಂದ. ನೇರ ನಡೆದರೆ ನೋವಿಲ್ಲ. ಆದರೆ ರೈಲ್ವೆ ಸೇತುವೆಯ ಮೆಟ್ಟಿಲು ಇಳಿಯುವಾಗ, ಲೋಕಲಿನಿಂದ ಇಳಿದು ತಟ್ಟನೆ ಪಕ್ಕಕ್ಕೆ ತಿರುಗುವಾಗ ಮಂಡಿ 'ಕೈಕೊಡುತ್ತದೆ'. ಒಂದು ಕ್ಷಣ ಕಾಲು ತನ್ನದಲ್ಲ ಎನ್ನಿಸುತ್ತದೆ. ಆಮೇಲೆ ಎರಡು ದಿನ ಸಣ್ಣ ಬಾವು. ಊರಿಗೆ ಹೋಗುವ ರೈಲಿನಲ್ಲಿ ಮೇಲಿನ ಬರ್ತ್ ಹತ್ತುವುದು ಕಷ್ಟ, ಇಳಿಯುವುದು ಇನ್ನೂ ಕಷ್ಟ. ಇಂಡಿಯನ್ ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂರಲು ಹೆದರಿಕೆ. ಅಷ್ಟರ ನಡುವೆಯೂ ಈ ಹುಡುಗ ಆರು ತಿಂಗಳ ನಂತರ ನೀ-ಕ್ಯಾಪ್ ಹಾಕಿಕೊಂಡು ಮತ್ತೊಂದು ಪಂದ್ಯ ಆಡಿದ. ಎರಡನೇ ರೇಡಿನಲ್ಲಿ ಕುಸಿದ. ಆಗ ತೆಗೆಸಿದ ಎಂಆರ್‌ಐಯಲ್ಲಿ ಎರಡು ವಿಷಯ ಇತ್ತು: ಎಸಿಎಲ್ ಪೂರ್ತಿ ಹರಿದಿದೆ, ಒಳಬದಿಯ ಮೆನಿಸ್ಕಸ್ ಸೀಳಿದೆ. ಮೊದಲನೆಯದು ಮೊದಲ ದಿನದ್ದು. ಎರಡನೆಯದು ಬಹುಶಃ ನಂತರ ಸೇರಿಕೊಂಡದ್ದು ಎಂದು ವೈದ್ಯರು ಹೇಳಿದರಂತೆ.

ಎಸಿಎಲ್ ಎಂದರೆ ತೊಡೆಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಕೀಲಿನ ಒಳಗೇ ಓರೆಯಾಗಿ ಕಟ್ಟಿಹಿಡಿದಿರುವ ಅಸ್ಥಿರಜ್ಜು. ಉದ್ದ ಹೆಚ್ಚುಕಡಿಮೆ 3 ಸೆಂಟಿಮೀಟರ್. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಕಾಲು ತಿರುಗಿಸುವಾಗ ಮಂಡಿ ತಿರುಚಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಕಬಡ್ಡಿಯಲ್ಲಿ ಪಾದ ನೆಲಕ್ಕೆ ಊರಿರುತ್ತದೆ ಅಥವಾ ಎದುರಾಳಿಯ ಕೈಯಲ್ಲಿ ಸಿಕ್ಕಿರುತ್ತದೆ, ಮೇಲಿನ ದೇಹ ಮಾತ್ರ ತಿರುಗುತ್ತದೆ. ಆ ತಿರುಚನ್ನು ನುಂಗುವುದು ಮಂಡಿ. ಮಣ್ಣಿನ ಅಂಕಣದಲ್ಲಿ ಪಾದ ಸ್ವಲ್ಪ ಜಾರಿ ಬಚಾವಾಗುತ್ತಿತ್ತು, ಮ್ಯಾಟಿನ ಮೇಲೆ ಶೂ ಹಿಡಿದುಕೊಂಡುಬಿಡುತ್ತದೆ ಎಂದು ಹಳೆಯ ಆಟಗಾರರು ಹೇಳುವುದುಂಟು. ಮಣ್ಣಿನಲ್ಲಿ ಆಡಿ ಮಂಡಿ ಕಳೆದುಕೊಂಡವರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ, ಆ ಮಾತು ಬೇರೆ.

ಈ ರಜ್ಜು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದ್ದರಿಂದ 'ಎಕ್ಸ್‌ರೇ ನಾರ್ಮಲ್' ಎಂದರೆ ಮೂಳೆ ನಾರ್ಮಲ್ ಎಂದಷ್ಟೇ ಅರ್ಥ. ಮಂಡಿಯನ್ನು ಸ್ವಲ್ಪ ಮಡಚಿ, ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುವ ಲಾಕ್‌ಮನ್ ಪರೀಕ್ಷೆ ಎಂದಿದೆ. ಅನುಭವಿ ವೈದ್ಯರ ಕೈಗೆ ಎಂಆರ್‌ಐಗಿಂತ ಮೊದಲೇ ಅದರಿಂದ ತಿಳಿಯುತ್ತದೆ. 'ಟಪ್' ಎಂಬ ಸದ್ದು, ಕೆಲವೇ ಗಂಟೆಗಳಲ್ಲಿ ಬಂದ ಬಾವು, ಆಟ ಮುಂದುವರಿಸಲು ಆಗದಿದ್ದದ್ದು, ಈ ಮೂರೂ ಕೂಡಿದರೆ ಅದನ್ನು ಉಳುಕು ಎಂದು ಬಿಡಬಾರದು. ಬೇಗ ಬರುವ ಬಾವು ಹೆಚ್ಚಾಗಿ ಕೀಲಿನೊಳಗೆ ತುಂಬಿದ ರಕ್ತ. ಅದರ ಮೇಲೆ ಬಲವಾಗಿ ತಿಕ್ಕಿಸುವುದು, ಎಳೆಸುವುದು ಯಾವುದಕ್ಕೂ ಒಳ್ಳೆಯದಲ್ಲ. ಚೆನ್ನೈ, ಬೆಂಗಳೂರು ಕಡೆಯವರು ಈಗಲೂ ಪುತ್ತೂರು ಕಟ್ಟಿಗೆ ಹೋಗುತ್ತಾರೆ. ಆಂಧ್ರದ ಪುತ್ತೂರು ಮುರಿದ ಮೂಳೆಗೆ ಕಟ್ಟು ಹಾಕುವುದಕ್ಕೆ ಹೆಸರಾದ ಊರು. ಕೀಲಿನ ಒಳಗೆ ಹರಿದ ರಜ್ಜಿಗೆ ಹೊರಗಿನ ಕಟ್ಟು ಏನು ಮಾಡೀತು? ಹೆಚ್ಚಿನವರಲ್ಲಿ ಅದು ಮೊದಲಿನಂತೆ ಕೂಡಿಕೊಳ್ಳುವುದಿಲ್ಲ.

ಹಾಗಿದ್ದರೆ ಎಲ್ಲರೂ ಆಪರೇಷನ್ ಮಾಡಿಸಿಕೊಳ್ಳಬೇಕೇ? ಇಲ್ಲ. ಈ ವಿಷಯದಲ್ಲಿ ಸ್ವೀಡನ್ನಿನ ಒಂದು ಅಧ್ಯಯನ ಬಹಳ ಹೆಸರಾದದ್ದು. 2010ರಲ್ಲಿ ಪ್ರಕಟವಾಯಿತು. ಎಸಿಎಲ್ ಹರಿದ 121 ಯುವಕ ಯುವತಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ; ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಆಮೇಲೆ ಶಸ್ತ್ರಚಿಕಿತ್ಸೆ. ಎರಡನೇ ಗುಂಪಿನ 59 ಜನರಲ್ಲಿ ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು 23. ಐದು ವರ್ಷದ ಹೊತ್ತಿಗೆ ಆ ಸಂಖ್ಯೆ 30 ಆಯಿತು. ಆದರೂ ನೋವು, ಓಡಾಟ, ದಿನದ ಬದುಕು ಎಲ್ಲ ಲೆಕ್ಕ ಹಾಕಿದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅದರಲ್ಲಿ ವೃತ್ತಿಪರ ಆಟಗಾರರು ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ನಾನು ಇದನ್ನು ಓದುವ ರೀತಿ ಹೀಗೆ: ಕಬಡ್ಡಿ, ಫುಟ್‌ಬಾಲಿನಂಥ ತಿರುಗಾಟದ ಆಟಕ್ಕೆ ಮರಳಲೇಬೇಕು ಎನ್ನುವವರಿಗೆ, ದಿನದ ಓಡಾಟದಲ್ಲೇ ಮಂಡಿ ಪದೇಪದೇ ಕೈಕೊಡುವವರಿಗೆ, ಜೊತೆಗೆ ಹೊಲಿಯಬಹುದಾದ ಮೆನಿಸ್ಕಸ್ ಸೀಳು ಇರುವವರಿಗೆ ಶಸ್ತ್ರಚಿಕಿತ್ಸೆಯ ಮಾತು ಬಲವಾಗಿದೆ. ಉಳಿದವರಿಗೆ ಮೂರು ತಿಂಗಳ ಪ್ರಾಮಾಣಿಕ ವ್ಯಾಯಾಮದ ನಂತರ ನಿರ್ಧರಿಸಲು ಸಮಯವಿದೆ. ಕೈಕೊಡುವ ಮಂಡಿಯನ್ನು ಹಾಗೇ ಆಡಿಸುತ್ತ ಹೋಗುವುದು ಮಾತ್ರ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಪ್ರತಿ ಸಾರಿ ಜಾರಿದಾಗಲೂ ಮೂಳೆಗಳ ನಡುವಿನ ಮೆನಿಸ್ಕಸ್ ಎಂಬ ಗಾದಿ ಸವೆಯುವ, ಸೀಳುವ ಅಪಾಯವಿದೆ. ಆ ಗಾದಿ ಹೋದರೆ ಸಂಧಿವಾತ ಬೇಗ ಬರುತ್ತದೆ.

ನೀ-ಕ್ಯಾಪ್ ಬಗ್ಗೆಯೂ ಹೇಳಿಬಿಡುತ್ತೇನೆ. ಔಷಧಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ನೀ-ಕ್ಯಾಪ್ ಮಂಡಿಗೆ ಬೆಚ್ಚಗಿನ ಭಾವ ಕೊಡುತ್ತದೆ, ಸ್ವಲ್ಪ ಧೈರ್ಯ ಕೊಡುತ್ತದೆ. ಎರಡು ಜನ ಕಾಲು ಹಿಡಿದು ಎಳೆಯುವಾಗ ಮೂಳೆ ಜಾರುವುದನ್ನು ಅದು ತಡೆಯುವುದಿಲ್ಲ. ತಪ್ಪು ಧೈರ್ಯ ಕೊಡುವುದರಿಂದ ಅದು ಹಾನಿಯೇ ಎಂದು ಕೆಲವೊಮ್ಮೆ ನನಗನ್ನಿಸುತ್ತದೆ.

ನಿಜವಾದ ನೀ-ಕ್ಯಾಪ್ ಎಂದರೆ ತೊಡೆ. ಮಂಡಿಗೆ ಪೆಟ್ಟು ಬಿದ್ದ ಕೆಲವೇ ವಾರಗಳಲ್ಲಿ ಮುಂದೊಡೆಯ ಸ್ನಾಯು ಸೊರಗುತ್ತದೆ. ಟೈಲರ್ ಟೇಪು ತೆಗೆದುಕೊಂಡು ಮಂಡಿಚಿಪ್ಪಿನಿಂದ 15 ಸೆಂ.ಮೀ. ಮೇಲೆ ಎರಡೂ ತೊಡೆಗಳನ್ನು ಅಳೆದು ನೋಡಿ. ಹಳೆಯ ಗಾಯದ ಕಾಲು ಎಷ್ಟೋ ಸಲ ಎದ್ದು ಕಾಣುವಷ್ಟು ಸಣ್ಣಗಿರುತ್ತದೆ. ಫಿಸಿಯೋಥೆರಪಿ ಎಂದರೆ ಮೆಷಿನ್ ಹಚ್ಚಿಸಿಕೊಂಡು ಇಪ್ಪತ್ತು ನಿಮಿಷ ಮಲಗುವುದು ಎಂದುಕೊಂಡವರು ನಮ್ಮಲ್ಲಿ ಬಹಳ. ಅದು ನೋವಿಗೆ ಸ್ವಲ್ಪ ಆರಾಮ, ಅಷ್ಟೇ. ಕೆಲಸ ಮಾಡುವುದು ವ್ಯಾಯಾಮ. ಮೊದಲು ಮಂಡಿ ಪೂರ್ತಿ ನೇರವಾಗಬೇಕು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಕೆಳಗೆ ಒತ್ತುವುದು ಇದಕ್ಕೇ. ಆಮೇಲೆ ಕಾಲು ನೇರವಾಗಿಟ್ಟು ಎತ್ತುವುದು, ಗೋಡೆಗೆ ಒರಗಿ ಅರ್ಧ ಬಸ್ಕಿ, ಒಂದೇ ಮೆಟ್ಟಿಲನ್ನು ಹತ್ತಿ ಇಳಿಯುವುದು, ಅಂಗಾತ ಮಲಗಿ ಸೊಂಟ ಎತ್ತುವುದು, ಒಂಟಿಕಾಲಲ್ಲಿ ನಿಲ್ಲುವುದು. ಜಿಗಿತ, ದಿಕ್ಕು ಬದಲಿಸುವ ಓಟ ಕೊನೆಗೆ. ಯಾವುದನ್ನು ಯಾವಾಗ ಶುರುಮಾಡಬೇಕು ಎಂದು ಫಿಸಿಯೋ ನೋಡಿ ಹೇಳಬೇಕು. ದಿನಾ ಹೋಗಲಾಗದಿದ್ದರೆ ಎರಡು ವಾರಕ್ಕೊಮ್ಮೆ ಹೋಗಿ ಕಲಿತು, ಉಳಿದದ್ದನ್ನು ಕೋಣೆಯಲ್ಲೇ ಮಾಡಬಹುದು.

ಮಹಾನಗರದಲ್ಲಿ ಒಂಟಿಯಾಗಿರುವವರಿಗೆ ದೊಡ್ಡ ಹೆದರಿಕೆ ಆಪರೇಷನ್ನಿನದ್ದಲ್ಲ, ಆಮೇಲಿನ ವಾರಗಳದ್ದು. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಾಳಿಗೆ, ಕೈಯಲ್ಲಿ ಊರುಗೋಲು, ಕೋಣೆಯಲ್ಲಿ ನಾಲ್ವರು, ನೀರು ಹಿಡಿಯುವ ಸರದಿ. ಅದರ ಮೇಲೆ ಸಂಬಳ. ಠಾಣೆಯ ಹುಡುಗ ಒಂದೂವರೆ ವರ್ಷ ಮುಂದೆ ಹಾಕಿದ್ದು ಇದಕ್ಕೇ. ಅವನಿಗೆ ಇಎಸ್‌ಐ ಕಾರ್ಡ್ ಇತ್ತು, ಆದರೆ ಅದು ಜ್ವರದ ಮಾತ್ರೆಗೆ ಎಂದುಕೊಂಡಿದ್ದ. ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದು ವಂತಿಗೆ ಕಟ್ಟುತ್ತಿರುವ ಕೆಲಸಗಾರರಿಗೆ ಇಎಸ್‌ಐನಲ್ಲಿ ಶಸ್ತ್ರಚಿಕಿತ್ಸೆಯೂ ಸೇರಿದೆ. ಜೊತೆಗೆ ವೈದ್ಯರು ಸರ್ಟಿಫಿಕೇಟ್ ಕೊಟ್ಟ ರಜೆಗೆ, ವಂತಿಗೆಯ ಷರತ್ತು ಪೂರೈಸಿದ್ದರೆ, ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಅನಾರೋಗ್ಯ ಭತ್ಯೆ ಇದೆ. ಹೋಟೆಲ್ ಕೆಲಸದ ನಮ್ಮ ಹುಡುಗರಿಗೆ ಇದನ್ನು ಯಾರಾದರೂ ಕೂರಿಸಿ ಹೇಳಬೇಕು. ಐಟಿಯವರಿಗೆ ಕಂಪನಿಯ ವಿಮೆ ಇರುತ್ತದೆ. ಅವರು ಮೊದಲ ದಿನದ ಚೀಟಿಯಲ್ಲೇ ಗಾಯವಾದ ದಿನಾಂಕ ಮತ್ತು ಹೇಗಾಯಿತು ಎಂಬುದನ್ನು ಬರೆಸಿಕೊಳ್ಳುವುದು ಒಳ್ಳೆಯದು. ಸ್ವಂತ ಪಾಲಿಸಿಗಳಲ್ಲಿ ಕೀಲಿನ ಕಾಯಿಲೆಗಳಿಗೆ ಕಾಯುವ ಅವಧಿ ಇರುವುದುಂಟು, ಅಪಘಾತದ ಗಾಯಕ್ಕೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ.

ಪವನ್ ಸೆಹ್ರಾವತ್ ಹೆಸರು ಇಲ್ಲಿ ಬರಲೇಬೇಕು. 2019ರ ಜನವರಿಯಲ್ಲಿ ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್‌ಗೆ ಕಪ್ ತಂದುಕೊಟ್ಟವರು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಅವರನ್ನು ಕೊಂಡಿತು. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹೊಸ ತಂಡದ ಮೊದಲ ಪಂದ್ಯ. ರೇಡ್ ಮಾಡುವಾಗ ಅಲ್ಲ, ಎದುರಾಳಿಯನ್ನು ಹಿಡಿಯಲು ಹೋದಾಗ ಮಂಡಿಗೆ ಗಾಯ. ಸ್ಟ್ರೆಚರಿನಲ್ಲಿ ಹೊರಗೆ ಹೋದವರು ಇಡೀ ಋತು ಆಡಲಿಲ್ಲ. ಸುಮಾರು ಒಂದು ವರ್ಷದ ನಂತರ, 2023ರ ಅಕ್ಟೋಬರಿನಲ್ಲಿ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡದ ನಾಯಕರಾಗಿ ಚಿನ್ನ ಗೆದ್ದರು. ಇದನ್ನು ನಮ್ಮ ಹುಡುಗರು 'ನೋಡಿ, ಅವರು ಬಂದರಲ್ಲ' ಎಂದು ಹೇಳುತ್ತಾರೆ. ಬಂದರು ನಿಜ. ಆದರೆ ಆಟವೇ ಉದ್ಯೋಗವಾದವರು ಒಂದು ವರ್ಷ ಕೊಟ್ಟು ಬಂದರು. ನಾವು ಆರು ವಾರದಲ್ಲಿ ಗಣೇಶೋತ್ಸವದ ಪಂದ್ಯಕ್ಕೆ ಇಳಿಯುತ್ತೇವೆ.

ಶಸ್ತ್ರಚಿಕಿತ್ಸೆ ಆದವರಿಗಂತೂ ಕ್ಯಾಲೆಂಡರ್ ಇನ್ನೂ ಮುಖ್ಯ. ನಾರ್ವೆಯಲ್ಲಿ 106 ಜನರನ್ನು ಅನುಸರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೆ ಹಾಕಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ತಿಂಗಳು ಕಳೆದರೆ ಮಾತ್ರ ಸಾಲದು, ಗಾಯದ ಕಾಲಿನ ಬಲ ಮತ್ತು ಒಂಟಿಕಾಲಿನ ಜಿಗಿತ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು ಎಂಬುದು ಸಾಮಾನ್ಯ ಅಳತೆ. ಠಾಣೆಯ ಹುಡುಗ ಈಗ ಏಳನೇ ತಿಂಗಳಲ್ಲಿದ್ದಾನೆ. ಅವನ ತಂಡದ ವಾಟ್ಸಾಪ್ ಗುಂಪಿನಿಂದ "ಒಂದೇ ಒಂದು ಮ್ಯಾಚ್ ಅಣ್ಣ, ಕಾರ್ನರಲ್ಲಿ ನಿಂತರೆ ಸಾಕು" ಎಂಬ ಸಂದೇಶ ಬಂದಿದೆ. ಕಾರ್ನರಲ್ಲಿ ಬರೇ ನಿಲ್ಲುವುದು ಹೇಗೆ ಎಂದು ನನಗೆ ಗೊತ್ತಾಗಲಿಲ್ಲ. ಅವನು ಈ ಸಲ ಸ್ಕೋರ್ ಬರೆಯುತ್ತೇನೆ ಎಂದು ಉತ್ತರ ಕೊಟ್ಟಿದ್ದಾನೆ.

ಹಳೆಯ ಗಾಯದ, ನಲವತ್ತು ದಾಟಿದ ರೇಡರುಗಳಿಗೂ ಇದರಲ್ಲಿ ವಿಷಯವಿದೆ. ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡು ನೇರವಾಗದಿದ್ದರೆ ವೈದ್ಯರ ಬಳಿ ಹೋಗುವುದನ್ನು ಮುಂದೆ ಹಾಕಬಾರದು. ಬಾವಿನ ಜೊತೆ ಜ್ವರ ಬಂದರೆ ಅದೇ ದಿನ ಹೋಗಬೇಕು. ಹಾಗೇನಿಲ್ಲದೆ ಮೆಟ್ಟಿಲು ಇಳಿಯುವಾಗ ಮಾತ್ರ ನೋಯುವ ಮಂಡಿಗೆ ಎಂಟು ವರ್ಷದ ನಂತರವೂ ತೊಡೆಯ ವ್ಯಾಯಾಮ ಕೆಲಸ ಮಾಡುತ್ತದೆ. ಇನ್ನೊಂದು, ಆಟ ಬಿಟ್ಟ ಮೇಲೆ ನಮ್ಮಲ್ಲಿ ಹೊಟ್ಟೆ ಬೆಳೆಯುವ ವೇಗ ಎಲ್ಲರಿಗೂ ಗೊತ್ತಿದ್ದದ್ದೇ. ಸಂಧಿವಾತ ಇರುವ ದಪ್ಪ ಮೈಯವರಲ್ಲಿ ಅಳೆದು ನೋಡಿದಾಗ, ಇಳಿಸಿದ ಪ್ರತಿ ಒಂದು ಕಿಲೋ ತೂಕಕ್ಕೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಕಡಿಮೆಯಾಗಿತ್ತು. ಐದು ಕಿಲೋ ಇಳಿಸಿದವರು ಸೇತುವೆಯ ಒಂದೊಂದು ಮೆಟ್ಟಿಲಿಗೂ ಅಕ್ಕಿಯ ದೊಡ್ಡ ಚೀಲವೊಂದನ್ನು ಕೆಳಗಿಟ್ಟಂತೆ.