ನಿಂಬೆಯ ಮೈಮೇಲಿನ ಕಜ್ಜಿ

ವಿಮಾನ ನಿಲ್ದಾಣದಿಂದ ಹೆಸರಾದ ಮೈಸೂರಿನ ಮಂಡಕಳ್ಳಿಯಲ್ಲಿ ಹಿತ್ತಲಿನ ನಿಂಬೆಗಿಡದ ಎಲೆಯೊಂದನ್ನು ಮಳೆಗಾಲದ ನಂತರ ಬೆಳಕಿಗೆ ಹಿಡಿದು ನೋಡಿ. ಕಂದು ಬಣ್ಣದ ಒರಟು ಗಂಟುಗಳು, ಸುತ್ತ ಹಳದಿ ಉಂಗುರ ಕಂಡರೆ ಅದು ಕಜ್ಜಿ ರೋಗ. ಕಾಯಿಯ ಸಿಪ್ಪೆಯ ಮೇಲೂ ಅದೇ ತರಿತರಿ. ತಿಂದವರಿಗೆ ತೊಂದರೆಯಿಲ್ಲ, ಉಪ್ಪಿನಕಾಯಿಗೂ ಆದೀತು. ಆದರೆ ಮಂಡಿಯಲ್ಲಿ ಇಂಥ ಹಣ್ಣಿಗೆ ಬೆಲೆ ಇಳಿಯುತ್ತದೆ. ಬೆಳೆಗಾರನ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ.

ರೋಗ ನಮ್ಮ ನೆಲಕ್ಕೆ ಹೊಸದಲ್ಲ. 1827ರಿಂದ 1831ರ ನಡುವೆ ಭಾರತದಲ್ಲಿ ಸಂಗ್ರಹಿಸಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಒಣಗಿಸಿಟ್ಟ ಎಲೆಗಳ ಮೇಲೂ ಈ ಗಂಟುಗಳಿವೆ. ಅಮೆರಿಕದ ಫ್ಲಾರಿಡಾದಲ್ಲಿ 1995ರಲ್ಲಿ ಇದು ಮತ್ತೆ ಕಾಣಿಸಿಕೊಂಡಾಗ ಸರ್ಕಾರ ರೋಗದ ಮರದ ಸುತ್ತ 1,900 ಅಡಿಯೊಳಗಿನ ಆರೋಗ್ಯವಂತ ಮರಗಳನ್ನೂ, ಮನೆಯಂಗಳದವನ್ನೂ ಬಿಡದೆ, ಕಡಿಸಿತು. ಒಂದು ಕೋಟಿಗೂ ಹೆಚ್ಚು ಮರ ಉರುಳಿದವು. ಅಷ್ಟರಲ್ಲಿ ಚಂಡಮಾರುತಗಳು ರೋಗವನ್ನು ಎಲ್ಲೆಡೆ ಹರಡಿದ್ದವು. 2006ರಲ್ಲಿ ಕಡಿಯುವ ಕೆಲಸವನ್ನೇ ಕೈಬಿಡಲಾಯಿತು.

ಇಷ್ಟೆಲ್ಲ ಮಾಡಿದ್ದು ಕ್ಸಾಂತೊಮೋನಾಸ್ ಸಿಟ್ರಿ ಎಂಬ ಬ್ಯಾಕ್ಟೀರಿಯಾ. ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿನಷ್ಟೂ ಇಲ್ಲ. ಮಳೆಹನಿಯೊಂದಿಗೆ ಸಿಡಿದು, ಎಲೆಯ ಪತ್ರರಂಧ್ರದಿಂದಲೋ ಸುರಂಗ ಹುಳು ಕೊರೆದ ಗಾಯದಿಂದಲೋ ಒಳಗೆ ಸೇರುತ್ತದೆ. ಪ್ರಯೋಗಾಲಯದ ಪುಷ್ಟಿಕರ ಆಹಾರದಲ್ಲಿ ಬೆಳೆಸಿದರೆ ಇದು ಸಾಧು ಪ್ರಾಣಿ. ರೋಗದ ಜೀನುಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಆಹಾರ ತೆಳುವಾಗಿರುವ ಎಲೆಯ ಒಳಗೆ ಬಂದಾಗ ಎಚ್‌ಆರ್‌ಪಿ-ಜಿ ಎಂಬ ಜೀನು ಎಚ್‌ಆರ್‌ಪಿ-ಎಕ್ಸ್ ಅನ್ನು ಎಬ್ಬಿಸುತ್ತದೆ, ಅದು ಉಳಿದವನ್ನು. ಆಮೇಲೆ ಸೂಜಿಯಂಥ ನಳಿಕೆ ತಯಾರಾಗುತ್ತದೆ. ಅದರ ಮೂಲಕ ಬ್ಯಾಕ್ಟೀರಿಯಾ ತನ್ನ ಪ್ರೋಟೀನುಗಳನ್ನು ಗಿಡದ ಜೀವಕೋಶಕ್ಕೆ ಚುಚ್ಚುತ್ತದೆ. ಬೇಡದ ಕಡೆ ಆಯುಧ ಮಾಡಿ ಶಕ್ತಿ ಕಳೆದುಕೊಳ್ಳುವುದಿಲ್ಲ, ಎಂಥ ಜಿಪುಣತನ!

ಆ ಪ್ರೋಟೀನುಗಳಲ್ಲಿ ಪಿಟಿಎಚ್-ಎ4 ಎಂಬುದು ನೇರ ಕೋಶಕೇಂದ್ರಕ್ಕೇ ಹೋಗಿ ಗಿಡದ ಡಿಎನ್‌ಎ ಮೇಲೆ ಕೂರುತ್ತದೆ. ಎಲ್ಲಿ ಕೂರಬೇಕೆಂದು ಗೊತ್ತಾಗುವುದು ಹೇಗೆ? ಅದರ ಮೈಯಲ್ಲಿ ಸರಪಳಿಯ ಕೊಂಡಿಗಳಂತೆ ಒಂದೇ ತೆರನ ತುಂಡುಗಳಿವೆ. ಒಂದೊಂದರಲ್ಲೂ ಸಾಮಾನ್ಯವಾಗಿ 34 ಅಮೈನೋ ಆಮ್ಲ. ಅವುಗಳಲ್ಲಿ 12 ಮತ್ತು 13ನೆಯವು ಮಾತ್ರ ತುಂಡಿನಿಂದ ತುಂಡಿಗೆ ಬದಲಾಗುತ್ತವೆ. ಆ ಜೋಡಿಯೇ ಡಿಎನ್‌ಎಯ ಒಂದು ಅಕ್ಷರವನ್ನು ಗುರುತಿಸುತ್ತದೆ. ಜರ್ಮನಿ ಮತ್ತು ಅಮೆರಿಕದ ಎರಡು ತಂಡಗಳು 2009ರಲ್ಲಿ ಬೇರೆಬೇರೆಯಾಗಿ ಈ ಒಗಟನ್ನು ಬಿಡಿಸಿದವು.

ಹೀಗೆ ಕೂತ ಪ್ರೋಟೀನು ಗಿಡದ್ದೇ ಆದ ಎಲ್‌ಒಬಿ-1 ಎಂಬ ಜೀನನ್ನು ಚಾಲೂ ಮಾಡುತ್ತದೆ. ಜೀವಕೋಶಗಳು ಊದಿಕೊಂಡು ಎಲೆಯ ಹೊರಪದರ ಒಡೆಯುತ್ತದೆ. ಬ್ಯಾಕ್ಟೀರಿಯಾ ಮುಂದಿನ ಮಳೆಹನಿಗೆ ಕಾಯುತ್ತ ಹೊರಗೆ ಬಂದು ನಿಲ್ಲುತ್ತದೆ. ಅಂದರೆ ಗಂಟು ಕಟ್ಟಿದ್ದು ಗಿಡವೇ, ಆಜ್ಞೆ ಮಾತ್ರ ಪರರದು. 2017ರಲ್ಲಿ ವಿಜ್ಞಾನಿಗಳು ಕ್ರಿಸ್ಪರ್ ವಿಧಾನದಿಂದ ಈ ಜೀನನ್ನು ತಿದ್ದಿದ ಕಿತ್ತಳೆ, ಚಕ್ಕೋತದ ಜಾತಿಯ ಗಿಡಗಳಲ್ಲಿ ರೋಗಕ್ಕೆ ನಿರೋಧ ಕಂಡಿತು.

ಅಂಥ ಸಸಿ ನಮ್ಮ ನರ್ಸರಿಗೆ ಬಂದಿಲ್ಲ. ಸದ್ಯಕ್ಕೆ ಹಿತ್ತಲಿನವರಿಗೆ ಉಳಿದಿರುವುದು ಹಳೆಯ ದಾರಿ: ಮುಂಗಾರಿಗೆ ಮೊದಲೇ ಕಜ್ಜಿ ಹಿಡಿದ ರೆಂಬೆಗಳನ್ನು ಕತ್ತರಿಸಿ ಸುಡುವುದು, ಶೇಕಡ 1ರ ಬೋರ್ಡೊ ದ್ರಾವಣ ಸಿಂಪಡಿಸುವುದು. ಕತ್ತರಿಯನ್ನು ಶುಚಿಮಾಡದೆ ಪಕ್ಕದ ಗಿಡಕ್ಕೆ ಹಚ್ಚಬಾರದು.