ಲವನೂ ಕುಶನೂ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿ ಒಂದು ಪ್ರಾಚೀನ ಕ್ಷೇತ್ರ. ನೊಳಂಬರ ಕಾಲದ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ದೇಗುಲಗಳು ಇಲ್ಲಿ ಒಂದೇ ಪ್ರಾಕಾರದೊಳಗೆ ನಿಂತಿವೆ. ವಾಲ್ಮೀಕಿಯ ಆಶ್ರಮವಿದ್ದುದು ಇಲ್ಲಿಯ ಬೆಟ್ಟದಲ್ಲಿ ಎಂದೂ ಸೀತೆ ಅವಳಿ ಮಕ್ಕಳನ್ನು ಹೆತ್ತುದು ಇಲ್ಲಿಯೇ ಎಂದೂ ಸ್ಥಳಪುರಾಣ ಹೇಳುತ್ತದೆ. ಆ ಮಕ್ಕಳನ್ನು ಜನ ‘ಲವ ಮತ್ತು ಕುಶ’ ಎನ್ನುವುದಿಲ್ಲ, ‘ಲವಕುಶರು’ ಎನ್ನುತ್ತಾರೆ. ಬಿಡಿಸಿ ಹೇಳಿದರೆ ‘ಲವನೂ ಕುಶನೂ’. ವ್ಯಾಕರಣದಲ್ಲಿ ಇದು ದ್ವಂದ್ವಸಮಾಸ. ಇಂಗ್ಲಿಷಿನ ‘ಆ್ಯಂಡ್’ ಮಾಡುವ ಕೆಲಸವನ್ನು ಕನ್ನಡದಲ್ಲಿ ಒಂದು ದೀರ್ಘಸ್ವರ ಮಾಡಿಬಿಡುತ್ತದೆ. ಮೇಲಿನ ‘ಎಂದೂ’ ಎಂಬ ಎರಡು ಪದಗಳನ್ನು ನೋಡಿ. ಅಲ್ಲಿಯೂ ಅದೇ ಕೆಲಸ ನಡೆದಿದೆ.

ಈ ‘ಊ’ ಹಳಗನ್ನಡದಲ್ಲಿ ‘ಉಂ’ ಎಂದಿತ್ತು: ಲವನುಂ ಕುಶನುಂ. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ಕನ್ನಡ ಇಂಥದು. ಕಾಲಕ್ರಮದಲ್ಲಿ ಕೊನೆಯ ಸೊನ್ನೆ ಬಿದ್ದುಹೋಗಿ ಸ್ವರ ನೀಳವಾಯಿತು. ತಮಿಳಿನಲ್ಲಿ ‘ಉಂ’ ಇಂದಿಗೂ ಉಳಿದಿದೆ. ಮುಳಬಾಗಿಲು ಸೀಮೆಯ ಅನೇಕ ಮನೆಗಳ ಮಾತಾದ ತೆಲುಗಿನಲ್ಲಿ ಕೂಡ ‘ಅಮ್ಮಾ ನಾನ್ನಾ’ ಎಂದು ಕೊನೆಯ ಸ್ವರವನ್ನೇ ಎಳೆಯುತ್ತಾರೆ. ‘ಮರಿಯು’ ಎಂಬುದು ಹೆಚ್ಚಾಗಿ ಬರಹದ ಪದ.

ಹಾಗಾದರೆ ‘ಮತ್ತು’ ಪರಭಾಷೆಯದೇ? ಅಲ್ಲ. ಅದು ಹಳಗನ್ನಡದ ‘ಮತ್ತಂ’, ‘ಮತ್ತೆ’ಗಳ ಬಳಗಕ್ಕೆ ಸೇರಿದ್ದು, ತಮಿಳಿನ ‘ಮಱ್ಱು’ ಅದರ ಜ್ಞಾತಿ. ‘ಬೇರೆ’, ‘ಇನ್ನೂ’ ಎಂಬ ಹಳೆಯ ಅರ್ಥ ‘ಮತ್ತೊಬ್ಬ’, ‘ಮತ್ತೊಂದು’ ಎಂಬಲ್ಲಿ ಈಗಲೂ ಜೀವಂತವಾಗಿದೆ. ಅಮಲು ಎಂಬ ಅರ್ಥದ ‘ಮತ್ತು’ ಸಂಸ್ಕೃತದ ‘ಮತ್ತ’ ಶಬ್ದದ ಸಂಬಂಧಿ. ಬರೆಯುವ ರೂಪ ಒಂದೇ, ಕುಲ ಬೇರೆ.

‘ಮತ್ತು’ ಬಳಸಬಾರದೆಂದಲ್ಲ, ಉದ್ದವಾದ ಪಟ್ಟಿಯ ಕೊನೆಯಲ್ಲಿ ಅದು ಅನುಕೂಲವೇ. ಆದರೆ ‘ಬಂದನು ಮತ್ತು ಕುಳಿತನು’ ಎಂಬುದು ಇಂಗ್ಲಿಷಿನ ನೆರಳು. ‘ಬಂದು ಕುಳಿತನು’ ಎಂದರೆ ಸಾಕು.

ಬರೆಯುವಾಗ ಹ್ರಸ್ವದೀರ್ಘಗಳ ಎಚ್ಚರ ಬೇಕು. ‘ಲವನು ಹಾಡಿದನು’ ಎಂದರೆ ಹಾಡಿದವನು ಲವ, ಅಷ್ಟೆ. ‘ಲವನೂ ಹಾಡಿದನು’ ಎಂದರೆ ಬೇರೊಬ್ಬನೂ ಹಾಡಿದ್ದಾನೆ. ಸಂಸ್ಕೃತದಿಂದ ಬಂದ ‘ಅಥವಾ’ ಪದದ ಕೊನೆಯ ಅಕ್ಷರವೂ ದೀರ್ಘವೇ. ‘ಅಥವ’ ಎಂಬುದು ತಪ್ಪು. ಈ ಪುಟ್ಟ ಪದಗಳು ಆಸ್ತಿಯ ಪತ್ರದಲ್ಲಿ ಕುಳಿತಾಗ ಅವುಗಳ ತೂಕ ತಿಳಿಯುತ್ತದೆ. ‘ಹೊಲವು ಮಗನಿಗೂ ಮಗಳಿಗೂ ಸಲ್ಲತಕ್ಕದ್ದು’ ಎಂದು ಬರೆದರೆ ಇಬ್ಬರಿಗೂ ಪಾಲುಂಟು. ‘ಮಗನಿಗೆ ಅಥವಾ ಮಗಳಿಗೆ’ ಎಂದು ಬರೆದರೆ, ತನ್ನ ಪಾಲು ಕೇಳಲು ಮಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.