ಅಂಕಪಟ್ಟಿ ನೋಡ್ತಾರೆ, ಆಳನ್ನು ಯಾರು ನೋಡ್ತಾರೆ?

ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಸೇರಿದಾಗ ಶಹಾಪುರದ ನಮ್ಮ ಮನೆಗೆ ಏಜೆನ್ಸಿಯ ಹುಡುಗನೊಬ್ಬ ಬಂದಿದ್ದ. ಬಾಗಿಲಿನ ಫೋಟೊ ಹೊಡೆದುಕೊಂಡು, ಪಕ್ಕದ ಮನೆಯವರ ಹತ್ತಿರ ನನ್ನ ಬಗ್ಗೆ ವಿಚಾರಿಸಿ ಹೋದ. ‘ಏನ್ ಮಾಡ್ಕೊಂಡೀಯೋ ಅಲ್ಲಿ?’ ಅಂತ ಅವ್ವ ಗಾಬರಿಯಿಂದ ಫೋನ್ ಮಾಡಿದ್ದಳು. ನಾನು ಮುಟ್ಟುವುದು ಬರೀ ಲ್ಯಾಪ್‌ಟಾಪ್. ಅದಕ್ಕೇ ಕಾಲೇಜು, ವಿಳಾಸ, ಕೋರ್ಟ್ ಕೇಸು ಎಲ್ಲ ಜಾಲಾಡಿದ್ದರು.

ಈ ವರ್ಷ ಸುರಪುರದ ಅಕ್ಕ ಮಗಳನ್ನು ಖಾಸಗಿ ಶಾಲೆಗೆ ಸೇರಿಸಲು ಹೊರಟಾಗ ಇದು ನೆನಪಾಯಿತು. ವ್ಯಾನ್ ಡ್ರೈವರ್‌ನ ಪೊಲೀಸ್ ವೆರಿಫಿಕೇಶನ್ ಆಗಿದೆಯಾ ಕೇಳು ಅಂದೆ. ಶಾಲೆಯವರ ಉತ್ತರ: ‘ಅವ ನಮ್ಮೂರಾವನೇ ಅದಾನ್ರಿ ಅಕ್ಕೋರ, ಅವರಪ್ಪನ್ನೂ ಬಲ್ಲೆವು.’

‘ನಮ್ಮೂರಾವ’ ಅನ್ನೋ ರಿಯಾಯಿತಿ ಕಾನೂನಿನಲ್ಲಿ ಇಲ್ಲ. 2020ರ ಮಾರ್ಚ್‌ನಲ್ಲಿ ಬಂದ ಪೋಕ್ಸೊ ನಿಯಮಗಳ ಪ್ರಕಾರ, ಮಕ್ಕಳ ಒಡನಾಟಕ್ಕೆ ಬರುವ ಶಾಲಾ ಸಿಬ್ಬಂದಿ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಆಗಬೇಕು. ಅದೂ ಒಂದು ಸಲ ಮಾಡಿ ಬಿಡುವುದಲ್ಲ, ಆಗಾಗ. ಪಾಠ ಹೇಳುವವರು, ಹೇಳದವರು, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲ. ಕಾಯಂ ಸರಕಾರಿ ಶಿಕ್ಷಕರ ಪೂರ್ವಾಪರವನ್ನು ನೇಮಕಾತಿ ಹೊತ್ತಿಗೇ ಪೊಲೀಸರು ನೋಡುತ್ತಾರೆ. ಬಿಟ್ಟುಹೋಗುವುದು ಅತಿಥಿ ಶಿಕ್ಷಕ, ಹಾಸ್ಟೆಲ್ ಕಾವಲುಗಾರ, ಅಡುಗೆಯವರು, ಡ್ರೈವರ್. ಮಗು ಒಂಟಿಯಾಗಿ ಸಿಗುವುದು ಹೆಚ್ಚಾಗಿ ಇವರಿಗೇ. 2014ರಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ 6 ವರ್ಷದ ಮಗುವಿನ ಮೇಲೆ ಅತ್ಯಾಚಾರವಾಗಿ ಪೋಷಕರು ಬೀದಿಗಿಳಿದಾಗಲೇ, ಸಿಬ್ಬಂದಿಯ ಹಿನ್ನೆಲೆ ನೋಡಿ ಅಂತ ಶಾಲೆಗಳಿಗೆ ಸೂಚನೆ ಹೋಗಿತ್ತು.

ಆದರೆ ಠಾಣೆಯ ಕಾಗದ ಒಂದನ್ನೇ ನಂಬಿ ಕೂರುವಂತೆಯೂ ಇಲ್ಲ. ನಮ್ಮ ಭಾಗದ ಜನ ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿ ವರ್ಷಗಟ್ಟಲೆ ಇದ್ದು ಬರುತ್ತಾರೆ. ಸುರಪುರ ಠಾಣೆಯ ವಹಿಯಲ್ಲಿ ಹೆಸರಿಲ್ಲ ಅಂದರೆ ಅಲ್ಲೂ ಇಲ್ಲ ಅಂತಲ್ಲ, ಅಲ್ಲಿಯೂ ಕೇಳಿಸಬೇಕು. ಹೆಸರಿನದು ಇನ್ನೊಂದು ತಾಪತ್ರಯ. ‘ಮಲ್ಲಿಕಾರ್ಜುನ’ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯಬಹುದು. ಕಂಪ್ಯೂಟರ್‌ಗೆ ಅವರು ನಾಲ್ಕು ಜನ. (ಇದು ನನ್ನ ಕಸುಬು, ದಿನಾ ಒದ್ದಾಡ್ತೀನಿ.) ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದ ಇದೆ. ಅದನ್ನು ತೆರೆಯುವ ಅಧಿಕಾರ ತನಿಖಾ ಸಂಸ್ಥೆಗಳಿಗೆ ಮಾತ್ರ. ಶಾಲೆಯೂ ನೋಡುವಂತಿಲ್ಲ, ತಾಯಿ-ತಂದೆಯೂ ನೋಡುವಂತಿಲ್ಲ. ಹಾಗಾಗಿ ಶಾಲೆಯೇ ಠಾಣೆಗೆ ಅರ್ಜಿ ಕೊಡಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಕೇಸೇ ಆಗದಿದ್ದರೆ ಕಾಗದ ಸ್ವಚ್ಛವಾಗಿಯೇ ಬರುತ್ತದೆ. ಹುಡುಗಿಯ ಮದುವೆ, ಊರ ಮರ್ಯಾದೆ ಅಂತ ಕಟ್ಟೆಯ ಮೇಲೇ ಮಾತು ಮುಗಿಸಿ, ಅವನಿಗೆ ‘ನಾಳಿಂದ ಬರಬ್ಯಾಡ’ ಅಂದರೆ ಅವ ಪಕ್ಕದ ತಾಲ್ಲೂಕಿನ ಶಾಲೆಗೆ ಹೋಗಿ ಸೇರಿಕೊಳ್ಳುತ್ತಾನೆ. ಹಾಗೆ ಮುಚ್ಚಿಹಾಕುವುದೂ ಅಪರಾಧವೇ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವನ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ 1 ವರ್ಷದವರೆಗೆ. 2025ರ ಆಗಸ್ಟ್‌ನಲ್ಲಿ ಶಹಾಪುರದ ಸರಕಾರಿ ವಸತಿ ಶಾಲೆಯ ಶೌಚಾಲಯದಲ್ಲಿ 9ನೇ ತರಗತಿಯ ಹುಡುಗಿ ಮಗುವನ್ನು ಹೆತ್ತಳು. ಪ್ರಾಂಶುಪಾಲರು, ವಾರ್ಡನ್ ಅಮಾನತಾದರು. ಅಲ್ಲಿ ಎದ್ದ ಪ್ರಶ್ನೆಯೂ ಅದೇ: ಅಷ್ಟು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲವೇ, ಬಿದ್ದರೂ ಯಾಕೆ ಹೇಳಲಿಲ್ಲ?

ಹಳೇ ಹೊಲದ ಜಗಳದ ಕೇಸಿಗೆ, ಖುಲಾಸೆಯಾದ ಕೇಸಿಗೆ ಬಡವನ ಕೆಲಸ ಕಿತ್ತುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಯಾವ ಕೇಸು, ಏನಾಯ್ತು ಅಂತ ಓದಿ ನೋಡಲಿ. ಹಿಂದೆ ಕೆಲಸ ಮಾಡಿದ ಶಾಲೆಗೆ ಫೋನ್ ಮಾಡಿ, ಯಾಕೆ ಬಿಟ್ಟ ಅಂತ ಕೇಳಲಿ. ಇದಕ್ಕೆ ದುಡ್ಡು ಬೇಕಿಲ್ಲ.

ಅಕ್ಕ ಬಿಡಲಿಲ್ಲ, ಇನ್ನಿಬ್ಬರು ತಾಯಂದಿರನ್ನು ಕರೆದುಕೊಂಡು ಮತ್ತೆ ಹೋದಳು. ಡ್ರೈವರ್‌ನ ಅರ್ಜಿ ಈಗ ಠಾಣೆಗೆ ಹೋಗಿದೆಯಂತೆ. ವ್ಯಾನಿನ ಕ್ಲೀನರ್‌ನದು ಇನ್ನೂ ಇಲ್ಲ. ಅಲ್ಲಿತನಕ ಮಗಳನ್ನು ತಾನೇ ಸ್ಕೂಟಿಯಲ್ಲಿ ಬಿಟ್ಟು ಬರ್ತಿದ್ದಾಳೆ.